ಏಳು ಟನ್ ಕ್ಸೆನಾನ್‌ನಲ್ಲೂ ಡಾರ್ಕ್ ಮ್ಯಾಟರ್ ಸಿಗಲಿಲ್ಲ ಎಂದರೆ ತರಗತಿಯಲ್ಲಿ ಏನೆಂದು ಹೇಳಬೇಕು?

ಕರಿಹಲಗೆ:
ನಾನು ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಬ್ರಹ್ಮಾಂಡದ ದ್ರವ್ಯದಲ್ಲಿ ಸುಮಾರು ಶೇ. 85ರಷ್ಟು ನಮ್ಮ ಕಣ್ಣಿಗಾಗಲಿ ದೂರದರ್ಶಕಕ್ಕಾಗಲಿ ಕಾಣದ ಡಾರ್ಕ್ ಮ್ಯಾಟರ್ ಎಂದು ಹೇಳಿದಾಗ, ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಎರಡು ಪ್ರಶ್ನೆ ಕೇಳಿದಳು. ಮೊದಲನೆಯದು, ಬೆಳಕನ್ನು ಬೀರದ, ಹೀರದ ಕಣವನ್ನು ಪ್ರಯೋಗಾಲಯದೊಳಗೆ ಹಿಡಿಯುವುದು ಹೇಗೆ? ಎರಡನೆಯದು, ಹಿಡಿಯಲು ಹೋಗಿ ನಲವತ್ತು ವರ್ಷವಾದರೂ ಸಿಗದಿದ್ದರೆ ಅದು ಇಲ್ಲವೆಂದು ಯಾವಾಗ ಒಪ್ಪಿಕೊಳ್ಳುತ್ತಾರೆ?

ಮೊದಲನೆಯದಕ್ಕೆ ಅರೆಬರೆ ಉತ್ತರ ಕೊಟ್ಟೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಲಕ್ಸ್-ಜೆಪ್ಲಿನ್ ಪ್ರಯೋಗದವರು 7 ಟನ್ ದ್ರವ ಕ್ಸೆನಾನ್ ಇಟ್ಟುಕೊಂಡು 280 ದಿನಗಳ ದತ್ತಾಂಶವನ್ನು ಪರಿಶೀಲಿಸಿ 2024ರಲ್ಲಿ ಏನೂ ಕಾಣಲಿಲ್ಲವೆಂದರು. ಇಟಲಿಯ ಡಾಮಾ ತಂಡದವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಂಡಿದೆ ಎನ್ನುತ್ತಿದ್ದಾರೆ. ಇವೆರಡನ್ನೂ ಮಕ್ಕಳ ಮುಂದೆ ಒಟ್ಟಿಗೆ ಇಡುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ದ್ರವಸಾರ:
ಮೇಷ್ಟ್ರೇ, ಮೊದಲ ಪ್ರಶ್ನೆಗೆ ನಿಮ್ಮ ಪಠ್ಯದಲ್ಲೇ ಉತ್ತರವಿದೆ. ಅದು ಸ್ಥಿತಿಸ್ಥಾಪಕ ಡಿಕ್ಕಿಯ ಲೆಕ್ಕ. ನಾನು ಕೆಲವು ವರ್ಷ ಹೊರದೇಶದಲ್ಲಿ ದ್ರವ ಕ್ಸೆನಾನ್ ಶೋಧಕದ ಮೇಲೆ ಕೆಲಸ ಮಾಡಿದ್ದೇನೆ. ಹೊಸದಾಗಿ ಸೇರಿದವರಿಗೆ ನಾವು ಮೊದಲು ಮಾಡಿಸುತ್ತಿದ್ದುದು ಈ ಲೆಕ್ಕವನ್ನೇ.

ಸೂರ್ಯನ ನೆರೆಯಲ್ಲಿ ಡಾರ್ಕ್ ಮ್ಯಾಟರ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.3 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ರಾಶಿಯನ್ನೂ ಶಕ್ತಿಯನ್ನೂ ಅಳೆಯುವ ಮಾನ) ಎಂದು ಖಗೋಳ ವಿಜ್ಞಾನಿಗಳು ಅಂದಾಜಿಸುತ್ತಾರೆ. ಒಂದು ಕಣದ ರಾಶಿ 100 ಗಿಗಾ ಎಲೆಕ್ಟ್ರಾನ್‌ವೋಲ್ಟ್, ಎಂದರೆ ಪ್ರೋಟಾನಿನ ನೂರು ಪಟ್ಟಿಗಿಂತ ತುಸು ಹೆಚ್ಚು, ಎಂದು ಇಟ್ಟುಕೊಂಡರೆ ಒಂದು ಲೀಟರ್ ಜಾಗದಲ್ಲಿ ಮೂರು ಕಣಗಳಿರುತ್ತವೆ. ನಾವು ಸೂರ್ಯನೊಂದಿಗೆ ಆಕಾಶಗಂಗೆಯನ್ನು ಸೆಕೆಂಡಿಗೆ ಸುಮಾರು 220 ಕಿ.ಮೀ. ವೇಗದಲ್ಲಿ ಸುತ್ತುತ್ತಿರುವುದರಿಂದ, ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 66,000 ಕಣಗಳು ಹಾದುಹೋಗುತ್ತವೆ. ಹೆಚ್ಚುಕಡಿಮೆ ಎಲ್ಲವೂ ಏನನ್ನೂ ತಾಕದೆ ಹೋಗುತ್ತವೆ. ಅಪರೂಪಕ್ಕೆ ಒಂದು ಕಣ ಒಂದು ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆದರೆ ಆ ನ್ಯೂಕ್ಲಿಯಸ್ ಹಿಮ್ಮೆಟ್ಟುತ್ತದೆ. ಕ್ಸೆನಾನಿನ ಮಟ್ಟಿಗೆ ಆ ಶಕ್ತಿ ಗರಿಷ್ಠ ಎಂದರೆ 27 ಕಿಲೋ ಎಲೆಕ್ಟ್ರಾನ್‌ವೋಲ್ಟ್. ನಾವು ಹುಡುಕುವುದು ಕಣವನ್ನಲ್ಲ, ಅದು ತಳ್ಳಿದ ನ್ಯೂಕ್ಲಿಯಸ್ಸಿನ ಆ ಸಣ್ಣ ಅಲುಗಾಟವನ್ನು. ಹೀಗೆ ಹುಡುಕಬಹುದೆಂದು 1985ರಲ್ಲಿ ಗುಡ್‌ಮನ್ ಮತ್ತು ವಿಟನ್ ಬರೆದರು. ಎರಡು ವರ್ಷದಲ್ಲೇ ಜರ್ಮೇನಿಯಂ ಹರಳಿನಿಂದ ಮೊದಲ ಫಲಿತಾಂಶ ಬಂತು.

ಓದುಗಿ:
ಎಲ್ಲರೂ ಕ್ಸೆನಾನಿನ ಹಿಂದೆ ಬಿದ್ದಿರುವುದೇಕೆ? ಜರ್ಮೇನಿಯಂ ಹರಳು ಅಷ್ಟು ಬೇಗ ಫಲ ಕೊಟ್ಟಿದ್ದರೆ ಅದನ್ನೇ ದೊಡ್ಡದು ಮಾಡಬಹುದಿತ್ತಲ್ಲವೇ?

ದ್ರವಸಾರ:
ಹರಳನ್ನು ದೊಡ್ಡದು ಮಾಡುವುದು ಕಷ್ಟ, ದ್ರವವನ್ನು ಹೆಚ್ಚಿಸುವುದು ಸುಲಭ. ಇನ್ನೊಂದು ಕಾರಣವೂ ಇದೆ. ನಿಧಾನವಾಗಿ ಬರುವ ಕಣಕ್ಕೆ ನ್ಯೂಕ್ಲಿಯಸ್ಸಿನೊಳಗಿನ ಪ್ರೋಟಾನು, ನ್ಯೂಟ್ರಾನುಗಳು ಬಿಡಿಬಿಡಿಯಾಗಿ ಕಾಣದೆ ಇಡಿಯಾಗಿ ಎದುರಾಗುತ್ತವೆ. ಆದ್ದರಿಂದ ಡಿಕ್ಕಿಯ ಸಾಧ್ಯತೆ ರಾಶಿಸಂಖ್ಯೆಯ ವರ್ಗದಂತೆ ಏರುತ್ತದೆ. ಕ್ಸೆನಾನಿಗೆ 131, ಜರ್ಮೇನಿಯಮ್ಮಿಗೆ 73. ಎರಡರ ವರ್ಗಗಳನ್ನು ಭಾಗಿಸಿದರೆ ಮೂರು ಪಟ್ಟಿಗೂ ಹೆಚ್ಚು ಲಾಭ.

ಶೋಧಕದ ಒಳಗೆ ಆಗುವುದನ್ನೂ ಹೇಳುತ್ತೇನೆ, ಏಕೆಂದರೆ ಇದನ್ನು ಮಕ್ಕಳು ಇಷ್ಟಪಡುತ್ತಾರೆ. ಸುಮಾರು ಸೊನ್ನೆಗಿಂತ 100 ಡಿಗ್ರಿ ಕೆಳಗಿನ ದ್ರವ ಕ್ಸೆನಾನ್ ತುಂಬಿದ ದೊಡ್ಡ ಉರುಳೆ, ಅದರ ಮೇಲ್ಭಾಗದಲ್ಲಿ ತೆಳುವಾಗಿ ಅನಿಲ, ಮೇಲೂ ಕೆಳಗೂ ಬೆಳಕು ಹಿಡಿಯುವ ಫೋಟೊಮಲ್ಟಿಪ್ಲಯರ್ ನಳಿಕೆಗಳು. ಲಕ್ಸ್-ಜೆಪ್ಲಿನ್‌ನ ಮುಖ್ಯ ಪಾತ್ರೆಯಲ್ಲಿ ಇಂಥವು 494 ಇವೆ. ಡಿಕ್ಕಿಯಾದ ಕ್ಷಣ ಒಂದು ಸಣ್ಣ ಮಿಂಚು ಹೊಮ್ಮುತ್ತದೆ. ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ನಿಧಾನವಾಗಿ ಮೇಲೇರಿ, ಅನಿಲವನ್ನು ಹೊಕ್ಕಾಗ ಎರಡನೆಯ, ದೊಡ್ಡ ಮಿಂಚು ಹುಟ್ಟುತ್ತದೆ. ಎರಡು ಮಿಂಚುಗಳ ನಡುವಿನ ಸಮಯದಿಂದ ಆಳ ತಿಳಿಯುತ್ತದೆ, ಎರಡನೆಯ ಮಿಂಚು ಯಾವ ನಳಿಕೆಗಳಿಗೆ ಹೆಚ್ಚು ಕಂಡಿತೆಂಬುದರಿಂದ ಸ್ಥಾನ ತಿಳಿಯುತ್ತದೆ. ಎರಡರ ಪ್ರಮಾಣವನ್ನು ಹೋಲಿಸಿದರೆ ಪೆಟ್ಟು ಬಿದ್ದುದು ನ್ಯೂಕ್ಲಿಯಸ್ಸಿಗೋ ಎಲೆಕ್ಟ್ರಾನಿಗೋ ಎಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಗಾಮಾ ಕಿರಣ, ಬೀಟಾ ಕಣಗಳು ಎಲೆಕ್ಟ್ರಾನಿಗೆ ಹೊಡೆಯುತ್ತವೆ, ನಾವು ಹುಡುಕುವ ಕಣ ನ್ಯೂಕ್ಲಿಯಸ್ಸಿಗೆ ಹೊಡೆಯುತ್ತದೆ. ಇಡೀ ವಿಧಾನ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಹೊಸಬ:
ಹಾಗಾದರೆ ಇಷ್ಟೆಲ್ಲ ಆಳದ ಗಣಿಗೆ ಹೋಗುವ ಅಗತ್ಯವೇನು? ಸುತ್ತಲೂ ದಪ್ಪ ಸೀಸದ ಗೋಡೆ ಕಟ್ಟಿದರೆ ಸಾಕಲ್ಲವೇ?

ದ್ರವಸಾರ:
ಸಾಲದು, ಕೆಲವೊಮ್ಮೆ ಅದರಿಂದ ತೊಂದರೆಯೇ ಹೆಚ್ಚುತ್ತದೆ. ಸೀಸ ಗಾಮಾ ಕಿರಣವನ್ನು ತಡೆಯುತ್ತದೆ, ಆದರೆ ವಿಶ್ವಕಿರಣದಿಂದ ಬರುವ ಮ್ಯೂಆನ್, ಎಂದರೆ ಎಲೆಕ್ಟ್ರಾನಿನಂಥದೇ ಆದರೆ ಹೆಚ್ಚು ಭಾರದ ಕಣ, ಸೀಸಕ್ಕೆ ಬಡಿದರೆ ಅಲ್ಲಿಂದ ನ್ಯೂಟ್ರಾನ್‌ಗಳು ಏಳುತ್ತವೆ. ನ್ಯೂಟ್ರಾನ್ ಕೂಡ ನ್ಯೂಕ್ಲಿಯಸ್ಸನ್ನೇ ತಳ್ಳುತ್ತದೆ, ಡಾರ್ಕ್ ಮ್ಯಾಟರ್‌ನ ವೇಷದಲ್ಲೇ ಬರುತ್ತದೆ. ನೆಲದ ಮೇಲೆ ನಮ್ಮ ಅಂಗೈಯ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದು ಮ್ಯೂಆನ್ ಬೀಳುತ್ತದೆ. ಇಟಲಿಯ ಗ್ರಾನ್ ಸಾಸೊ ಪರ್ವತದಡಿ, 1,400 ಮೀಟರ್ ಬಂಡೆಯ ಕೆಳಗೆ, ಅದು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ.

ಕೋಲಾರದ ಮಣ್ಣು:
ಮ್ಯೂಆನ್ ವಿಷಯ ಬಂದುದರಿಂದ ಬರೆಯದೆ ಇರಲಾರೆ. ನಮ್ಮ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಆಳದ ಮಟ್ಟಗಳಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು, ಶಿಲಾಸ್ಫೋಟದ ಭಯ ಪಾಳಿ ಮುಗಿಯುವವರೆಗೂ ಬಿಡುತ್ತಿರಲಿಲ್ಲ ಎನ್ನುತ್ತಿದ್ದರು. ಅಂಥ ಜಾಗಕ್ಕೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಪೆಟ್ಟಿಗೆಗಳನ್ನು ಹೊತ್ತು ಇಳಿಯುತ್ತಿದ್ದರೆಂಬುದು ಅವರಿಗೆ ಕೊನೆಯವರೆಗೂ ಬೆರಗಿನ ಸಂಗತಿಯಾಗಿತ್ತು.

1950ರ ದಶಕದ ಆರಂಭದಲ್ಲೇ ಕನ್ನಡಿಗರಾದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಅಳೆದರು. ಆಮೇಲೆ ಮಿಯಾಕೆ, ನರಸಿಂಹಂ, ರಮಣಮೂರ್ತಿ ಅವರ ತಂಡ ಇನ್ನೂ ಆಳಕ್ಕೆ ಹೋಯಿತು. ಅತ್ಯಂತ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಉಪಕರಣ ಓಡಿದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇದನ್ನು ಹೇಳಿ ಮೇಷ್ಟ್ರೇ. ಆ ಸೊನ್ನೆಯಿಂದಲೇ ಅವರಿಗೆ ನ್ಯೂಟ್ರಿನೊ, ಎಂದರೆ ಹೆಚ್ಚುಕಡಿಮೆ ಏನನ್ನೂ ತಾಕದೆ ಹೋಗುವ ಅತಿ ಹಗುರ ಕಣ, ಹುಡುಕಲು ಬೇಕಾದಷ್ಟು ಮೌನ ಇಲ್ಲಿ ಇದೆಯೆಂದು ತಿಳಿದದ್ದು. 1965ರಲ್ಲಿ ಭಾರತ, ಬ್ರಿಟನ್, ಜಪಾನ್ ತಂಡದವರು ಚಾಂಪಿಯನ್ ರೀಫ್ ಗಣಿಯ 2.3 ಕಿ.ಮೀ. ಆಳದಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ದಾಖಲಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಅದು ಸಿಕ್ಕಿತು.

ಲೆಕ್ಕಿಗ:
ಕೋಲಾರದ ಮಣ್ಣು ಅವರು ಎರಡನೆಯ ಪ್ರಶ್ನೆಯ ತಿರುಳಿಗೆ ಕೈ ಹಾಕಿದ್ದಾರೆ, ಆದರೆ ಅದನ್ನು ಅಂಕಿಯಲ್ಲಿ ಹೇಳದಿದ್ದರೆ ಮಕ್ಕಳಿಗೆ ಅದು ಸಮಾಧಾನದ ಮಾತಿನಂತೆ ಕೇಳಿಸೀತು. ಪಾಯ್ಸಾನ್ ವಿತರಣೆಯ ಪ್ರಕಾರ ಸರಾಸರಿ 2.3 ಘಟನೆಗಳನ್ನು ನಿರೀಕ್ಷಿಸುವ ಪ್ರಯೋಗದಲ್ಲಿ ಸೊನ್ನೆ ಬರುವ ಸಾಧ್ಯತೆ ಶೇ. 10 ಮಾತ್ರ. ಆದ್ದರಿಂದ ಹಿನ್ನೆಲೆಯೇ, ಎಂದರೆ ಬೇರೆ ಮೂಲಗಳಿಂದ ಬರುವ ಘಟನೆಗಳೇ, ಇಲ್ಲದ ಪ್ರಯೋಗದಲ್ಲಿ ಏನೂ ಕಾಣದಿದ್ದಾಗ, ನಿಜವಾದ ಸರಾಸರಿ 2.3ಕ್ಕಿಂತ ಹೆಚ್ಚಿಲ್ಲ ಎಂದು ಶೇ. 90ರ ಭರವಸೆಯಿಂದ ಹೇಳಬಹುದು. ಎಷ್ಟು ಟನ್, ಎಷ್ಟು ದಿನ ಎಂಬುದು ಗೊತ್ತಿರುವುದರಿಂದ ಆ 2.3ನ್ನು ಡಿಕ್ಕಿಯ ಅಡ್ಡಛೇದಕ್ಕೆ, ಎಂದರೆ ಡಿಕ್ಕಿಯ ಸಾಧ್ಯತೆಯನ್ನು ವಿಸ್ತೀರ್ಣವಾಗಿ ಹೇಳುವ ಅಳತೆಗೆ, ಬದಲಾಯಿಸಬಹುದು. 2012ರಲ್ಲಿ ಕ್ಸೆನಾನ್-100 ಪ್ರಯೋಗದ ಮಿತಿ ಚದರ ಸೆಂಟಿಮೀಟರಿನಲ್ಲಿ 2 ಗುಣಿಸು 10ರ ಋಣ 45ನೇ ಘಾತ. 2024ರಲ್ಲಿ ಲಕ್ಸ್-ಜೆಪ್ಲಿನ್‌ನದು 2.2 ಗುಣಿಸು 10ರ ಋಣ 48ನೇ ಘಾತ. ಹನ್ನೆರಡು ವರ್ಷದಲ್ಲಿ ಸುಮಾರು 900 ಪಟ್ಟು ಕೆಳಗಿಳಿದಿದ್ದಾರೆ. ನಮ್ಮ ಕಡೆ ಕೊಳವೆಬಾವಿ ಕೊರೆಸಿದವರು ಹೊಲದಲ್ಲಿ ನೀರೇ ಇಲ್ಲ ಎನ್ನುವುದಿಲ್ಲ, ಎಂಟುನೂರು ಅಡಿ ಹೋದೆವು, ಬರೀ ದೂಳು ಬಂತು ಎನ್ನುತ್ತಾರೆ. ಅದೂ ಒಂದು ಅಳತೆಯೇ.

ಎದುರುಮಾತು:
ಕೊಳವೆಬಾವಿಯ ಹೋಲಿಕೆಯನ್ನೇ ಮುಂದುವರಿಸುತ್ತೇನೆ. ಪಾಯಿಂಟ್ ಗುರುತಿಸುವವನು ಮೊದಲು ಮುನ್ನೂರು ಅಡಿಗೆ ನೀರು ಎನ್ನುತ್ತಾನೆ, ಬರದಿದ್ದರೆ ಐನೂರು ಎನ್ನುತ್ತಾನೆ, ಆಮೇಲೆ ಇನ್ನೂ ಇನ್ನೂರು ಅಡಿ ಇಳಿಸಿ ಎನ್ನುತ್ತಾನೆ. ಹಣ ಕಳೆದುಕೊಳ್ಳುವವನು ರೈತ. ಸೂಪರ್‌ಸಿಮೆಟ್ರಿಯ (ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣವಿದೆ ಎನ್ನುವ ಸಿದ್ಧಾಂತ) ಸೈದ್ಧಾಂತಿಕರು ಈ ಭಾರದ ಕಣಗಳು ಸಿಕ್ಕೇ ಸಿಗುತ್ತವೆಂದು ಹೇಳಿದ ಜಾಗಗಳನ್ನೆಲ್ಲ ದಾಟಿ ಆಯಿತು. ಗುರುತ್ವದ ನಿಯಮವನ್ನೇ ತಿದ್ದಬೇಕೆಂಬ ವಾದಕ್ಕೆ ಇಷ್ಟು ವರ್ಷದ ಬಳಿಕವಾದರೂ ಕಿವಿಗೊಡಬಾರದೇ?

ಲೆಕ್ಕಿಗ:
ಸೈದ್ಧಾಂತಿಕರ ಭರವಸೆ ಅತಿಯಾಗಿತ್ತೆಂಬ ನಿಮ್ಮ ದೂರನ್ನು ನಾನು ಒಪ್ಪುತ್ತೇನೆ. ಆದರೆ ದ್ರವ್ಯವಿದೆಯೆಂಬ ಸಾಕ್ಷ್ಯ ಅವರ ಮಾತಿನ ಮೇಲೆ ನಿಂತಿಲ್ಲ. 1933ರಲ್ಲಿ ಜ್ವಿಕಿ ಕೋಮಾ ಗೆಲಾಕ್ಸಿ ಗುಚ್ಛದಲ್ಲಿ ಕಂಡದ್ದು, 1970ರ ದಶಕದಲ್ಲಿ ವೆರಾ ರೂಬಿನ್ ಗೆಲಾಕ್ಸಿಗಳ ಅಂಚಿನ ವೇಗದಲ್ಲಿ ಕಂಡದ್ದು, ವಿಶ್ವದ ಹಿನ್ನೆಲೆ ವಿಕಿರಣದಲ್ಲಿ ಕಾಣುವ ಏರಿಳಿತ, 2006ರಲ್ಲಿ ಬುಲೆಟ್ ಗುಚ್ಛದಲ್ಲಿ ಬಿಸಿ ಅನಿಲ ಒಂದೆಡೆ, ಗುರುತ್ವದ ಕೇಂದ್ರ ಇನ್ನೊಂದೆಡೆ ಕಂಡದ್ದು, ಇವೆಲ್ಲವನ್ನೂ ಒಂದೇ ತಿದ್ದುಪಡಿಯಿಂದ ವಿವರಿಸಲು ಯಾರಿಗೂ ಆಗಿಲ್ಲ. ನೀರು ಇದೆಯೆಂಬುದು ಖಚಿತ, ಎಷ್ಟು ಆಳದಲ್ಲಿ ಎಂಬುದು ಗೊತ್ತಿಲ್ಲ.

ಎದುರುಮಾತು:
ಬುಲೆಟ್ ಗುಚ್ಛದ ವಾದಕ್ಕೆ ಬಲವಿದೆ, ಒಪ್ಪುತ್ತೇನೆ. ಆದರೆ ದ್ರವ್ಯ ಇದೆ ಎಂಬುದರಿಂದ ಅದು ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆಯಲೇಬೇಕು ಎಂದಾಗುವುದಿಲ್ಲ. ಗುರುತ್ವವೊಂದನ್ನು ಬಿಟ್ಟು ಬೇರಾವ ಬಲಕ್ಕೂ ಅದು ಸ್ಪಂದಿಸದಿದ್ದರೆ ನಿಮ್ಮ ಏಳು ಟನ್ನಾಗಲಿ ಎಪ್ಪತ್ತು ಟನ್ನಾಗಲಿ ಏನು ಮಾಡೀತು? ಇದನ್ನೂ ಆ ಹುಡುಗಿಗೆ ಹೇಳಬೇಕು.

ಲೆಕ್ಕಿಗ:
ಹೇಳಲೇಬೇಕು. ಅದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ.

ಹೊಸಬ:
2020ರಲ್ಲಿ ಕ್ಸೆನಾನ್-1ಟಿ ಪ್ರಯೋಗದವರಿಗೆ ಡಾರ್ಕ್ ಮ್ಯಾಟರ್ ಸಿಕ್ಕಿತೆಂದು ಪತ್ರಿಕೆಯಲ್ಲಿ ಓದಿದ ನೆನಪು.

ದ್ರವಸಾರ:
ಸಿಕ್ಕಿತೆಂದು ಅವರು ಹೇಳಲಿಲ್ಲ. 1ರಿಂದ 7 ಕಿಲೋ ಎಲೆಕ್ಟ್ರಾನ್‌ವೋಲ್ಟ್ ನಡುವೆ ಸುಮಾರು 232 ಘಟನೆಗಳನ್ನು ನಿರೀಕ್ಷಿಸಿದ್ದಾಗ 285 ಬಂದವು. ಸೂರ್ಯನಿಂದ ಬರುವ ಆಕ್ಸಿಯಾನ್ (ಸಿದ್ಧಾಂತದಲ್ಲಷ್ಟೇ ಇರುವ ಅತಿ ಹಗುರ ಕಣ) ಇರಬಹುದು, ಅಥವಾ ಕ್ಸೆನಾನಿನಲ್ಲಿ ಬೆರೆತ ಅತ್ಯಲ್ಪ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಇರಬಹುದು ಎಂದು ಎರಡನ್ನೂ ಬರೆದರು. 2022ರಲ್ಲಿ ಅದರ ಮುಂದಿನ ರೂಪವಾದ ಕ್ಸೆನಾನ್-ಎನ್‌ಟಿ ಇನ್ನೂ ಶುದ್ಧವಾದ ಕ್ಸೆನಾನಿನಿಂದ ಅಳೆದಾಗ ಆ ಹೆಚ್ಚಳ ಕಾಣಲಿಲ್ಲ. ಅದೇ ಕ್ಸೆನಾನ್-1ಟಿ 2019ರಲ್ಲಿ ಕ್ಸೆನಾನ್-124ರ ಕ್ಷಯವನ್ನು ಅಳೆದುದನ್ನು ಯಾರೂ ನೆನೆಯುವುದಿಲ್ಲ. ಅದರ ಅರ್ಧಾಯು 1.8 ಗುಣಿಸು 10ರ 22ನೇ ಘಾತ ವರ್ಷ, ಬ್ರಹ್ಮಾಂಡದ ವಯಸ್ಸಿನ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು. ಡಾರ್ಕ್ ಮ್ಯಾಟರ್ ಹುಡುಕುವ ಉಪಕರಣ ಅಷ್ಟು ಅಪರೂಪದ ಘಟನೆಯನ್ನು ಗುರುತಿಸಬಲ್ಲದೆಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಸಾಧನೆ.

ಇರುಳುನೋಟ:
ಡಾಮಾ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಭೂಮಿ ಸೂರ್ಯನನ್ನು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಅದರ ಪಥ ಆಕಾಶಗಂಗೆಯಲ್ಲಿ ಸೂರ್ಯ ಸಾಗುವ ದಿಕ್ಕಿಗೆ ಸುಮಾರು 60 ಡಿಗ್ರಿ ವಾಲಿದೆ. ಆದ್ದರಿಂದ ಜೂನ್ ಆರಂಭದಲ್ಲಿ ಡಾರ್ಕ್ ಮ್ಯಾಟರ್‌ನ ಎದುರುಗಾಳಿಗೆ ನಮ್ಮ ವೇಗ ಸುಮಾರು 15 ಕಿ.ಮೀ. ಕೂಡುತ್ತದೆ, ಡಿಸೆಂಬರಿನಲ್ಲಿ ಅಷ್ಟೇ ಕಳೆಯುತ್ತದೆ. ಡಿಕ್ಕಿಗಳೂ ವರ್ಷಕ್ಕೊಮ್ಮೆ ಏರಿ ಇಳಿಯಬೇಕೆಂದು 1986ರಲ್ಲಿ ಡ್ರುಕಿಯರ್, ಫ್ರೀಸ್, ಸ್ಪರ್ಗೆಲ್ ಬರೆದರು. ಗ್ರಾನ್ ಸಾಸೊದ ಡಾಮಾ ತಂಡ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳುಗಳಲ್ಲಿ ಇದನ್ನೇ ಹುಡುಕಿತು. 2018ರ ಹೊತ್ತಿಗೆ 2ರಿಂದ 6 ಕಿಲೋ ಎಲೆಕ್ಟ್ರಾನ್‌ವೋಲ್ಟ್ ನಡುವೆ ಅವರು ತೋರಿಸಿದ ವಾರ್ಷಿಕ ಏರಿಳಿತದ ಖಚಿತತೆ 12.9 ಸಿಗ್ಮಾ. ಸಿಗ್ಮಾ ಎಂದರೆ ಫಲಿತಾಂಶ ಬರೀ ಆಕಸ್ಮಿಕವಲ್ಲ ಎಂಬುದರ ಅಳತೆ, ಹೆಚ್ಚಿದಷ್ಟೂ ಖಚಿತ. ಐದು ಸಿಗ್ಮಾ ಸಿಕ್ಕರೆ ಶೋಧವೆನ್ನುವ ಕ್ಷೇತ್ರ ಇದು. ಏರಿಳಿತ ಇರುವುದು ಸುಳ್ಳಲ್ಲ, ಅದರ ಕಾರಣ ಯಾವುದು ಎಂಬುದರಲ್ಲಿ ಜಗಳ.

ಓದುಗಿ:
ಋತುಮಾನದಿಂದ ಬದಲಾಗುವ ಬೇರೆ ಸಂಗತಿಗಳೂ ಇವೆಯಲ್ಲ? ಬೇಸಗೆಯ ಉಷ್ಣತೆ, ತೇವ, ಗಾಳಿ?

ಇರುಳುನೋಟ:
ಹೌದು, ಅನುಮಾನ ಅಲ್ಲೇ ಹುಟ್ಟಿತು. ಬೇಸಗೆಯಲ್ಲಿ ಮೇಲಿನ ವಾತಾವರಣ ಹಿಗ್ಗುವುದರಿಂದ ನೆಲದಾಳಕ್ಕೆ ಮುಟ್ಟುವ ಮ್ಯೂಆನ್‌ಗಳೂ ಹೆಚ್ಚುತ್ತವೆ, ಆದರೆ ಅವುಗಳ ಏರಿಕೆಯ ದಿನ ಡಾಮಾದ ದಿನಕ್ಕೆ ಸರಿಯಾಗಿ ಹೊಂದುವುದಿಲ್ಲ. ಹಿನ್ನೆಲೆಯನ್ನು ವರ್ಷವರ್ಷಕ್ಕೆ ಸರಾಸರಿ ತೆಗೆದು ಕಳೆಯುವ ಅವರ ಕ್ರಮದಿಂದಲೇ, ಹಿನ್ನೆಲೆ ನಿಧಾನವಾಗಿ ಬದಲಾಗುತ್ತಿದ್ದರೆ, ಸುಳ್ಳು ಏರಿಳಿತ ಹುಟ್ಟಬಹುದೆಂದು ಕೆಲವರು ತೋರಿಸಿದ್ದಾರೆ. ಕೊನೆಗೆ ಉಳಿದ ದಾರಿ ಒಂದೇ, ಅದೇ ಹರಳಿನಿಂದ ಬೇರೆಯವರು ಬೇರೆಡೆ ಅಳೆಯುವುದು. ಸ್ಪೇನಿನ ಕಾನ್‌ಫ್ರಾಂಕ್‌ನಲ್ಲಿ 112.5 ಕಿಲೋ ಹರಳಿರುವ ಅನಾಯಿಸ್, ದಕ್ಷಿಣ ಕೊರಿಯಾದಲ್ಲಿ ಕೋಸೈನ್-100 ಅದನ್ನೇ ಮಾಡಿದವು. ಇಬ್ಬರಿಗೂ ಏರಿಳಿತ ಕಾಣಲಿಲ್ಲ. ಹರಳು ಅದೇ, ವಿಧಾನ ಅದೇ ಆದ್ದರಿಂದ ನನ್ನ ಮಟ್ಟಿಗೆ ಡಾಮಾದ ಸಂಕೇತವನ್ನು ಡಾರ್ಕ್ ಮ್ಯಾಟರ್ ಎಂದು ಓದುವುದಕ್ಕೆ ಈಗ ಆಧಾರ ಉಳಿದಿಲ್ಲ.

ಎದುರುಮಾತು:
ಇಪ್ಪತ್ತು ವರ್ಷ ಅಳೆದ ಸಂಕೇತಕ್ಕೆ ಕಾರಣ ತಿಳಿಸದೆ ಬಿಡುವುದು ಸರಿಯೇ? ಏನೂ ಕಾಣದವರನ್ನು ನಂಬುತ್ತೇವೆ, ಕಂಡವರನ್ನು ನಂಬುವುದಿಲ್ಲ ಎಂದಾಯಿತಲ್ಲ.

ಇರುಳುನೋಟ:
ಕಾರಣ ತಿಳಿಯಬೇಕೆಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ದಕ್ಷಿಣ ಗೋಳಾರ್ಧದಲ್ಲಿ, ಆಸ್ಟ್ರೇಲಿಯಾದ ಸ್ಟಾವೆಲ್ ಚಿನ್ನದ ಗಣಿಯಲ್ಲಿ, ಸೇಬರ್ ಎಂಬ ಪ್ರಯೋಗಕ್ಕೆ ಜಾಗ ಮಾಡಿದ್ದಾರೆ. ಅಲ್ಲಿ ಜೂನ್ ಚಳಿಗಾಲ. ಏರಿಳಿತ ಋತುವಿನದಾದರೆ ಅಲ್ಲಿ ತಿರುಗಮುರುಗ ಆಗಬೇಕು, ಡಾರ್ಕ್ ಮ್ಯಾಟರ್‌ನದಾದರೆ ಅಲ್ಲೂ ಜೂನಿನಲ್ಲೇ ಏರಬೇಕು.

ಕರಿಹಲಗೆ:
ಇದು ಮಕ್ಕಳಿಗೆ ಹೇಳಲು ಎಷ್ಟು ಚೆನ್ನಾಗಿದೆ! ಉಪಕರಣವನ್ನು ಬದಲಿಸದೆ ಋತುವನ್ನೇ ಬದಲಿಸಿಬಿಟ್ಟರು. ಇನ್ನೊಂದು ಸಂದೇಹ. ಮೇಲಿನ 27 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಸರಿಬಂತು. ಕಣ ಹಗುರವಾಗಿದ್ದರೆ, ಪ್ರೋಟಾನಿನಷ್ಟೇ ಇದ್ದರೆ, ಕ್ಸೆನಾನಿನಲ್ಲಿ ಬರೀ 9 ಎಲೆಕ್ಟ್ರಾನ್‌ವೋಲ್ಟ್ ಬರುತ್ತಿದೆ. ನನ್ನ ಲೆಕ್ಕ ತಪ್ಪಿದೆಯೇ?

ಹರಳುಮನೆ:
ತಪ್ಪಿಲ್ಲ ಸರ್. ಕೇರಂ ಬೋರ್ಡಿನ ಮೇಲೆ ಕಾಯಿಯಿಂದ ಸ್ಟ್ರೈಕರಿಗೆ ಹೊಡೆದು ನೋಡಲು ಹೇಳಿ, ಹಗುರವಾದದ್ದು ಭಾರವಾದದ್ದನ್ನು ಹೆಚ್ಚು ತಳ್ಳಲಾರದೆಂಬುದು ತಾನಾಗಿಯೇ ತಿಳಿಯುತ್ತದೆ. ಆ ರಾಶಿಗೆ ಕ್ಸೆನಾನ್ ಕುರುಡು. ಸಿಲಿಕಾನಿನಂಥ ಹಗುರ ನ್ಯೂಕ್ಲಿಯಸ್ಸಾದರೆ ಅದೇ ಲೆಕ್ಕದಲ್ಲಿ ಸುಮಾರು 38 ಎಲೆಕ್ಟ್ರಾನ್‌ವೋಲ್ಟ್ ಸಿಗುತ್ತದೆ.

ಆ ಹಗುರ ಕಣಗಳಿಗಾಗಿಯೇ ಅತಿಶೀತ ಹರಳುಗಳು ಬೇಕು. ಹರಳನ್ನು ನಿರಪೇಕ್ಷ ಸೊನ್ನೆಯಿಂದ ಕೆಲವೇ ಮಿಲಿಕೆಲ್ವಿನ್ ಮೇಲೆ ಇಟ್ಟರೆ ಒಂದು ಡಿಕ್ಕಿಯ ಕಂಪನವೂ ಅದರ ಉಷ್ಣತೆಯನ್ನು ಅಳೆಯುವಷ್ಟು ಏರಿಸುತ್ತದೆ. ಅತಿವಾಹಕತೆಯ ಅಂಚಿನಲ್ಲಿ ನಿಲ್ಲಿಸಿದ ತೆಳು ಲೋಹದ ಪದರದ ರೋಧ ಆ ಏರಿಕೆಗೆ ಥಟ್ಟನೆ ಬದಲಾಗುತ್ತದೆ. ಗ್ರಾನ್ ಸಾಸೊದ ಕ್ರೆಸ್ಟ್ ಪ್ರಯೋಗ 2019ರಲ್ಲಿ ಸುಮಾರು 24 ಗ್ರಾಂ ತೂಕದ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಹರಳಿನಿಂದ 30 ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಸಣ್ಣ ಪೆಟ್ಟನ್ನೂ ಅಳೆಯಿತು. ಒಂದು ಕಡೆ ಏಳು ಟನ್, ಇನ್ನೊಂದು ಕಡೆ 24 ಗ್ರಾಂ. ಎರಡೂ ಬೇರೆ ಬೇರೆ ಹೊಲಗಳಲ್ಲಿ ಕೊರೆಯುತ್ತಿರುವ ಬಾವಿಗಳು. ಕೆನಡಾದ ಸಡ್ಬರಿ ಬಳಿ, ಎರಡು ಕಿಲೋಮೀಟರ್ ಆಳದ ಸ್ನೋಲ್ಯಾಬಿನಲ್ಲಿ ಸೂಪರ್-ಸಿಡಿಎಂಎಸ್ ಜರ್ಮೇನಿಯಂ, ಸಿಲಿಕಾನ್ ಎರಡೂ ಹರಳುಗಳನ್ನು ಇಟ್ಟುಕೊಂಡಿದೆ.

ಇಲ್ಲಿಯ ತೊಡಕೇ ಬೇರೆ. ಅತಿ ಕಡಿಮೆ ಶಕ್ತಿಯಲ್ಲಿ ಈ ಪ್ರಯೋಗಗಳಿಗೆಲ್ಲ ವಿವರಿಸಲಾಗದ ಘಟನೆಗಳು ಕಿಕ್ಕಿರಿದು ಕಾಣುತ್ತಿವೆ. ತಂಪು ಮಾಡಿದ ದಿನದಿಂದ ಅವು ಕ್ರಮೇಣ ಕಡಿಮೆಯಾಗುತ್ತವೆ. ಡಾರ್ಕ್ ಮ್ಯಾಟರ್ ಆಗಿದ್ದರೆ ನಾವು ಹರಳನ್ನು ಯಾವಾಗ ತಂಪು ಮಾಡಿದೆವೆಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಹರಳನ್ನು ಹಿಡಿದ ಹಿಡಿಕೆಯಲ್ಲೋ ಅಂಟಿಸಿದ ಪದರದಲ್ಲೋ ಉಳಿದ ಬಿಗುವು ಸಡಿಲವಾಗುವ ಸದ್ದು ಅದಿರಬೇಕೆಂಬ ಅನುಮಾನ ಬಲವಾಗಿದೆ.

ಗುಳ್ಳೆ:
ಭಾರತದಲ್ಲೂ ಒಂದು ಪ್ರಯತ್ನ ನಡೆದಿದೆ, ಯಾರೂ ಹೇಳದಿರುವುದು ಬೇಸರದ ಸಂಗತಿ. ಜಾರ್ಖಂಡದ ಜಾದುಗುಡ ಯುರೇನಿಯಂ ಗಣಿಯ 555 ಮೀಟರ್ ಆಳದಲ್ಲಿ 2017ರಲ್ಲಿ ಸಾಹಾ ಪರಮಾಣು ಭೌತವಿಜ್ಞಾನ ಸಂಸ್ಥೆಯವರು ಪ್ರಯೋಗಾಲಯ ತೆರೆದರು. ಅಲ್ಲಿಯ ಇಂಡೆಕ್ಸ್ ಪ್ರಯೋಗದಲ್ಲಿ ಟೆಟ್ರಾಫ್ಲೂರೋಈಥೇನ್ ದ್ರವದ ಹನಿಗಳನ್ನು ಜೆಲ್ ಒಳಗೆ ಕುದಿಬಿಂದುವಿಗಿಂತ ಹೆಚ್ಚು ಬಿಸಿಯಾಗಿ, ಆದರೆ ಕುದಿಯದಂತೆ ಹಿಡಿದಿಡುತ್ತಾರೆ. ನ್ಯೂಕ್ಲಿಯಸ್ ಹಿಮ್ಮೆಟ್ಟಿ ತೀರಾ ಸಣ್ಣ ಜಾಗದಲ್ಲಿ ಸಾಕಷ್ಟು ಶಕ್ತಿ ಸುರಿದರೆ ಆ ಹನಿ ಥಟ್ಟನೆ ಗುಳ್ಳೆಯಾಗಿ ಒಡೆಯುತ್ತದೆ, ಅದರ ಸದ್ದನ್ನು ಹಿಡಿಯುತ್ತಾರೆ.

ಹೊಸಬ:
ಯುರೇನಿಯಂ ಗಣಿಯಲ್ಲೇ? ವಿಕಿರಣದಿಂದ ದೂರ ಓಡಬೇಕಾದವರು ಅಲ್ಲಿಗೆ ಹೋಗುವುದು ಹೇಗೆ ಸರಿ?

ಗುಳ್ಳೆ:
ಪ್ರಶ್ನೆ ಸಹಜವೇ. ಅಲ್ಲಿಗೆ ಈ ವಿಧಾನ ಏಕೆ ಹೊಂದುತ್ತದೆ ಎಂಬುದಕ್ಕೆ ಉತ್ತರವೂ ಅದರಲ್ಲೇ ಇದೆ. ಗಾಮಾ, ಬೀಟಾಗಳು ತಮ್ಮ ಶಕ್ತಿಯನ್ನು ಉದ್ದಕ್ಕೂ ತೆಳುವಾಗಿ ಚೆಲ್ಲುತ್ತಾ ಹೋಗುತ್ತವೆ. ಉಷ್ಣತೆಯನ್ನು ತಕ್ಕಂತೆ ಇಟ್ಟರೆ ಅವುಗಳಿಂದ ಗುಳ್ಳೆ ಏಳುವುದೇ ಇಲ್ಲ. ಆಲ್ಫಾ ಕಣದಿಂದ ಏಳುತ್ತದೆ, ಆದರೆ ಅದರ ಸದ್ದು ಜೋರು. ಸ್ನೋಲ್ಯಾಬಿನ ಪಿಕೊ ಪ್ರಯೋಗ ಇದೇ ತತ್ತ್ವವನ್ನು ದೊಡ್ಡ ಗುಳ್ಳೆಕೋಣೆಯಲ್ಲಿ ಬಳಸಿ, ಸದ್ದಿನ ಪ್ರಮಾಣದಿಂದಲೇ ಆಲ್ಫಾವನ್ನು ಬೇರ್ಪಡಿಸಿತು. 555 ಮೀಟರ್ ಹೆಚ್ಚು ಆಳವಲ್ಲವೆಂಬ ಮಿತಿಯಂತೂ ಇದೆ.

ಕೋಲಾರದ ಮಣ್ಣು:
ಆ ಮಿತಿಯ ಮಾತೇ ನನ್ನನ್ನು ಚುಚ್ಚುತ್ತದೆ. ಲಕ್ಸ್-ಜೆಪ್ಲಿನ್ ಇರುವ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಕೂಡ ಚಿನ್ನದ ಗಣಿಯೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಅದು 2002ರಲ್ಲಿ. 2003ರಲ್ಲಿ ಅಲ್ಲಿಯ ಪಂಪುಗಳು ನಿಂತು ಗಣಿಗೆ ನೀರು ತುಂಬಿತು. ಆದರೆ ಅಲ್ಲಿ 2008ರಿಂದ ನೀರೆತ್ತಿ ಮುಂದಿನ ವರ್ಷ 4,850 ಅಡಿಯ ಮಟ್ಟವನ್ನು ಒಣಗಿಸಿದರು, ಇಂದು ಅದೇ ಮಟ್ಟದಲ್ಲಿ ಏಳು ಟನ್ ಕ್ಸೆನಾನ್ ಇದೆ. ನಮ್ಮಲ್ಲಿ ಅದಕ್ಕಿಂತ ಆಳದಲ್ಲಿ, 2.3 ಕಿ.ಮೀ. ಕೆಳಗೆ, 1980ರ ದಶಕದಲ್ಲಿ 140 ಟನ್ನಿನ ಪ್ರೋಟಾನ್ ಕ್ಷಯದ ಶೋಧಕ ಓಡುತ್ತಿತ್ತು. ಆ ಜಾಗ ಈಗ ನೀರಿನಡಿಯಲ್ಲಿದೆ.

ದ್ರವಸಾರ:
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನ್ಯಾಯವಾಗಿ ಹೇಳಬೇಕಾದರೆ, ಕೋಲಾರದ ಆಳದಲ್ಲಿ ಬಂಡೆಯ ಬಿಸಿಯೂ ಶಿಲಾಸ್ಫೋಟವೂ ಇದ್ದುವೆಂದು ನೀವೇ ಬರೆದಿದ್ದೀರಿ. ಸೊನ್ನೆಗಿಂತ 100 ಡಿಗ್ರಿ ಕೆಳಗಿನ ಪಾತ್ರೆಯನ್ನು ಅಲ್ಲಿ ವರ್ಷಗಟ್ಟಲೆ ನಡೆಸುವುದು ಸುಲಭವಿರಲಿಲ್ಲ.

ಕೋಲಾರದ ಮಣ್ಣು:
ಸುಲಭವಿರಲಿಲ್ಲ, ನಿಜ. ನ್ಯೂಟ್ರಿನೊ ಪ್ರಯೋಗವೂ ಸುಲಭವಿರಲಿಲ್ಲ.

ರೇಡಿಯೊ ಕಿವಿ:
ಎಲ್ಲರೂ ಡಿಕ್ಕಿಯ ಬಗ್ಗೆಯೇ ಬರೆಯುತ್ತಿದ್ದೀರಿ. ಡಾರ್ಕ್ ಮ್ಯಾಟರ್ ಆಕ್ಸಿಯಾನ್ ಆಗಿದ್ದರೆ ಅದರ ರಾಶಿ ಎಲೆಕ್ಟ್ರಾನ್‌ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇರಬಹುದು, ಅದು ಯಾವ ನ್ಯೂಕ್ಲಿಯಸ್ಸನ್ನೂ ಅಲುಗಿಸಲಾರದು. 1983ರಲ್ಲಿ ಸಿಕಿವಿ ಬೇರೊಂದು ದಾರಿ ತೋರಿಸಿದರು. ಬಲವಾದ ಕಾಂತಕ್ಷೇತ್ರದಲ್ಲಿ ಆಕ್ಸಿಯಾನ್ ಮೈಕ್ರೋವೇವ್ ಫೋಟಾನ್ ಆಗಿ ಬದಲಾಗಬಲ್ಲದು. ತಾಮ್ರ ಲೇಪಿಸಿದ ಕುಹರವನ್ನು ಸರಿಯಾದ ಆವೃತ್ತಿಗೆ ಹೊಂದಿಸಿದರೆ ಆ ಬದಲಾವಣೆಗೆ ಒತ್ತಾಸೆಯಾಗುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡಿಎಂಎಕ್ಸ್ ಪ್ರಯೋಗ ಮಾಡುವುದು ಇದನ್ನೇ. ಹಳೆಯ ರೇಡಿಯೊದಲ್ಲಿ ಧಾರವಾಡ ಆಕಾಶವಾಣಿಯನ್ನು ಹುಡುಕಲು ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆವಲ್ಲ, ಹಾಗೆ ಕುಹರದೊಳಗಿನ ಸರಳುಗಳನ್ನು ಸ್ವಲ್ಪಸ್ವಲ್ಪವೇ ಸರಿಸಿ ಪ್ರತಿ ಆವೃತ್ತಿಯಲ್ಲೂ ಕಾದು ಕೇಳುತ್ತಾರೆ. 1 ಗಿಗಾಹರ್ಟ್ಸ್ ಎಂದರೆ ಸುಮಾರು 4 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್ ರಾಶಿ. 2018ರಲ್ಲಿ ಅವರು 2.66ರಿಂದ 2.81 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್ ನಡುವೆ, ಸಿದ್ಧಾಂತ ಹೇಳುವ ಅತಿ ದುರ್ಬಲ ಸಂಕೇತವನ್ನೂ ಕೇಳಬಲ್ಲ ಮಟ್ಟ ಮುಟ್ಟಿದರು. ಮುಳ್ಳು ತಿರುಗಿಸಬೇಕಾದ ಪಟ್ಟಿ ಇನ್ನೂ ಬಹಳ ಉದ್ದವಿದೆ.

ಓದುಗಿ:
ಕೊಳವೆಬಾವಿಗೆ ಕೊನೆಯೆಂಬುದು ಇದೆಯೇ? ಇನ್ನೂ ಎಷ್ಟು ಟನ್ ಸೇರಿಸಬಹುದು?

ದ್ರವಸಾರ:
ಒಂದು ಗಟ್ಟಿ ಪದರ ಈಗಾಗಲೇ ತಾಕಿದೆ. ಸೂರ್ಯನ ಬೋರಾನ್-8ರಿಂದ ಹುಟ್ಟುವ ನ್ಯೂಟ್ರಿನೊಗಳು ಕ್ಸೆನಾನ್ ನ್ಯೂಕ್ಲಿಯಸ್ಸನ್ನು ಇಡಿಯಾಗಿ ತಳ್ಳುತ್ತವೆ, ಅದನ್ನು ಹಗುರವಾದ ಡಾರ್ಕ್ ಮ್ಯಾಟರ್ ಕಣದ ಪೆಟ್ಟಿನಿಂದ ಬೇರ್ಪಡಿಸಲು ಬರುವುದಿಲ್ಲ. 2024ರಲ್ಲಿ ಚೀನಾದ ಜಿನ್‌ಪಿಂಗ್‌ನಲ್ಲಿರುವ ಪಾಂಡಾಎಕ್ಸ್-4ಟಿ 2.64 ಸಿಗ್ಮಾ, ಗ್ರಾನ್ ಸಾಸೊದ ಕ್ಸೆನಾನ್-ಎನ್‌ಟಿ 2.73 ಸಿಗ್ಮಾ ಮಟ್ಟದಲ್ಲಿ ಅದರ ಮೊದಲ ಸುಳಿವು ಕೊಟ್ಟವು. ನ್ಯೂಟ್ರಿನೊವನ್ನು ತಡೆಯುವ ಬಂಡೆ ಎಲ್ಲೂ ಇಲ್ಲ. ಇದನ್ನು ನ್ಯೂಟ್ರಿನೊ ಮಂಜು ಎನ್ನುತ್ತಾರೆ. ಭಾರವಾದ ಕಣಗಳ ಮಟ್ಟಿಗೆ ಮಂಜು ಇನ್ನೂ ದೂರವಿದೆ, 60 ಟನ್ ಕ್ಸೆನಾನಿನ ಮುಂದಿನ ಪ್ರಯೋಗವನ್ನು ಯೋಜಿಸುತ್ತಿರುವುದು ಅಲ್ಲಿಯವರೆಗೆ ಹೋಗುವುದಕ್ಕೇ.

ಇರುಳುನೋಟ:
ಮಂಜಿನಾಚೆಗೂ ಒಂದು ದಾರಿ ಇದೆ. ನ್ಯೂಟ್ರಿನೊ ಸೂರ್ಯನ ಕಡೆಯಿಂದ ಬರುತ್ತದೆ, ಡಾರ್ಕ್ ಮ್ಯಾಟರ್‌ನ ಗಾಳಿ ರಾಜಹಂಸ ನಕ್ಷತ್ರಪುಂಜದ ಕಡೆಯಿಂದ. ಕಡಿಮೆ ಒತ್ತಡದ ಅನಿಲದಲ್ಲಿ ಹಿಮ್ಮೆಟ್ಟುವ ನ್ಯೂಕ್ಲಿಯಸ್ ಬಿಡುವ ಗೆರೆಯ ದಿಕ್ಕನ್ನು ಓದಬಹುದಾದರೆ ಎರಡನ್ನೂ ಬೇರ್ಪಡಿಸಬಹುದು. ಅನಿಲ ಹಗುರವಾದ್ದರಿಂದ ಟನ್‌ಗಟ್ಟಲೆ ಸೇರಿಸಲು ಅಗಾಧ ಜಾಗ ಬೇಕು, ತೊಡಕು ಅಲ್ಲಿದೆ.

ಕರಿಹಲಗೆ:
ಎಲ್ಲರಿಗೂ ಮನಸಾರೆ ವಂದನೆಗಳು. ಕೊನೆಯದಾಗಿ, ಅವಳು ಖಂಡಿತ ಕೇಳುವ ಪ್ರಶ್ನೆ ಒಂದಿದೆ. ಏನೂ ಕಾಣಲಿಲ್ಲ ಎನ್ನುವಾಗ, ಬಂದಿದ್ದರೆ ಉಪಕರಣಕ್ಕೆ ಕಾಣುತ್ತಿತ್ತು ಎಂಬುದಕ್ಕೆ ಸಾಕ್ಷಿ ಏನು?

ದ್ರವಸಾರ:
ಆ ಹುಡುಗಿ ಮುಂದೆ ಈ ಕ್ಷೇತ್ರಕ್ಕೆ ಬರಲಿ. ನ್ಯೂಟ್ರಾನ್ ಮೂಲವನ್ನು ಶೋಧಕದ ಬಳಿ ತಂದು ನ್ಯೂಕ್ಲಿಯಸ್ಸುಗಳನ್ನು ಬೇಕೆಂದೇ ತಳ್ಳಿಸುತ್ತೇವೆ. ಟ್ರಿಟಿಯಂ ಸೇರಿದ ಮೀಥೇನನ್ನು ಕ್ಸೆನಾನಿನಲ್ಲಿ ಬೆರೆಸಿ, ಎಲೆಕ್ಟ್ರಾನಿಗೆ ಬಿದ್ದ ಪೆಟ್ಟು ಹೇಗೆ ಕಾಣುತ್ತದೆಂದು ಅಳೆದು, ಆಮೇಲೆ ಶುದ್ಧೀಕರಿಸಿ ತೆಗೆಯುತ್ತೇವೆ. ಲಕ್ಸ್-ಜೆಪ್ಲಿನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡಾರ್ಕ್ ಮ್ಯಾಟರ್‌ನಂತೆಯೇ ಕಾಣುವ ಕೃತಕ ಘಟನೆಗಳನ್ನು ನಿಜವಾದ ದತ್ತಾಂಶದೊಳಗೆ ಗುಟ್ಟಾಗಿ ಬೆರೆಸಿಟ್ಟರು. ಅದಕ್ಕೆ ಅವರಿಟ್ಟ ಹೆಸರೇ ಉಪ್ಪು. ವಿಶ್ಲೇಷಿಸುವವರಿಗೆ ಯಾವುದು ಉಪ್ಪು, ಯಾವುದು ನಿಜ ಎಂಬುದು ತಿಳಿದಿರುವುದಿಲ್ಲ. ಆಯ್ಕೆಯ ನಿಯಮಗಳನ್ನೆಲ್ಲ ಗಟ್ಟಿಮಾಡಿ ಮುಗಿಸಿದ ಮೇಲಷ್ಟೇ ಉಪ್ಪಿನ ಪಟ್ಟಿಯನ್ನು ತೆರೆಯುತ್ತಾರೆ.

ಕರಿಹಲಗೆ:
ಹಾಗಾದರೆ ಸೋಮವಾರ ಕೇರಂ ಬೋರ್ಡಿನಿಂದ ಶುರುಮಾಡಿ ಉಪ್ಪಿನವರೆಗೆ ಹೋಗುತ್ತೇನೆ. ಅವಳು ಏನೆಂದಳೆಂಬುದನ್ನು ಇಲ್ಲಿ ಬಂದು ಬರೆಯುತ್ತೇನೆ.